ತಂಗಿ ಕೇಳಿದ ಒಂದು ಇಡೀ ಹಕ್ಕಿ

ನನ್ನ ಹಕ್ಕಿಗಳಿಗೆ ಸಾಮಾನ್ಯವಾಗಿ ಬಾಲವಿರುವುದಿಲ್ಲ. ಕೆಲವಕ್ಕೆ ಕಾಲೂ ಇಲ್ಲ. ಕೆಲಗೇರಿ ಕೆರೆಯ ಒಂದು ಮಿಂಚುಳ್ಳಿಗಂತೂ ಕೊಕ್ಕು ಮತ್ತು ಒಂದು ಕಣ್ಣು ಬಿಟ್ಟರೆ ಬೇರೆ ಆಸ್ತಿಯೇ ಇಲ್ಲ. ಮನೆಗೆ ಬಂದವರು ಸ್ಕೆಚ್‌ಬುಕ್ ತಿರುವಿ ಹಾಕಿ, "ಛಂದ ಐತಿ, ಯಾವಾಗ ಮುಗಸ್ತೀರಿ?" ಎಂದು ಕೇಳುತ್ತಾರೆ. ಮುಗಿಸುವುದಿಲ್ಲ ಎಂದರೆ ಅವರ ಮುಖದಲ್ಲಿ ಅಯ್ಯೋ ಪಾಪ ಎಂಬ ಭಾವ ಬರುತ್ತದೆ. ಅದು ಹಕ್ಕಿಯ ಮೇಲಿನದೋ ನನ್ನ ಮೇಲಿನದೋ ತಿಳಿಯದು.

ಧಾರವಾಡದ ಒಂದು ಹೈಸ್ಕೂಲಿನಲ್ಲಿ ನಾನು ಡ್ರಾಯಿಂಗ್ ಟೀಚರ್ ಆಗಿದ್ದೆ. ಕಪ್ಪು ಹಲಗೆಯ ಮೇಲೆ ಮಾವಿನ ಟೊಂಗೆ, ಟೊಂಗೆಯ ಮೇಲೆ ಗಿಳಿ. ಪ್ರತಿ ವರ್ಷ, ಪ್ರತಿ ಕ್ಲಾಸಿಗೆ, ಅದೇ ಗಿಳಿ. ಕಣ್ಣು ಮುಚ್ಚಿಕೊಂಡೂ ಬರೆಯಬಲ್ಲೆ. ನಿವೃತ್ತಿಯಾದ ದಿನವೇ ಅದಕ್ಕೆ ಕೈ ಮುಗಿದು, ಇನ್ನು ಮೇಲೆ ಕಣ್ಣೆದುರು ಇದ್ದಷ್ಟನ್ನೇ ಬರೆಯುವುದು ಎಂದು ನಿಶ್ಚಯಿಸಿದೆ. ಫೋಟೊ ನೋಡಿ ಬರೆಯುವುದಿಲ್ಲ, ನೆನಪಿನಿಂದ ತುಂಬುವುದಿಲ್ಲ. ಹಕ್ಕಿ ಎದ್ದು ಹೋಯಿತೋ, ಬ್ರಷ್ಷು ಕೆಳಗೆ. ಹಟವೆಂದರೆ ಹಟ.

ಹೀಗಿರುವಾಗ ವಿಜಯವಾಡದಿಂದ ತಂಗಿ ಸುಮಿತ್ರಾಳ ಫೋನು ಬಂತು. ಅವಳು ಬ್ಯಾಂಕಿನಲ್ಲಿ ಆಫೀಸರ್. ಮದುವೆಯ ಗೊಡವೆಗೆ ಹೋಗದೆ, ವರ್ಗವಾದಲ್ಲೆಲ್ಲ ಒಬ್ಬಳೇ ಹೋಗಿ ಸಂಸಾರ ಹೂಡಿದವಳು. ಮೊದಲು ವಿಶಾಖಪಟ್ಟಣ, ಆಮೇಲೆ ವಿಜಯವಾಡ. ಈಗ ಹುಬ್ಬಳ್ಳಿಗೆ ವರ್ಗವಾಗಿತ್ತು.

"ಅಕ್ಕಾ, ಹೊಂಟು ಬಾ. ವೈಜಾಗಿಗೆ ಒಂದ್ ಸಲ ಹೋಗಿ ಎಲ್ಲಾರಿಗೂ ಹೇಳಿ ಬರೂಣು. ಆಮ್ಯಾಲೆ ಇಲ್ಲಿ ಗಂಟು ಕಟ್ಟೂಣು. ಅಷ್ಟರಾಗ ನನಗೊಂದು ಹಕ್ಕಿ ಬರದು ಕೊಡು. ನಿನ್ನ ಅರ್ಧಾಮರ್ಧಾ ಹಕ್ಕಿ ಅಲ್ಲ, ಇಡೀದು ಬೇಕು. ತಲಿ, ರೆಕ್ಕಿ, ಕಾಲು, ಬಾಲ ಎಲ್ಲಾ ಇರಬೇಕು."

"ಇಡೀ ಹಕ್ಕಿ ಅಂಗಡ್ಯಾಗ ಸಿಗತಾವಲ್ಲ, ಫ್ರೇಮ್ ಸೈತ," ಎಂದೆ.

ಅವಳು ನಗಲಿಲ್ಲ. "ಅಂಗಡಿ ಹಕ್ಕಿ ಇಲ್ಲೀದಲ್ಲಕ್ಕಾ. ಪ್ರತಿ ಊರಿಂದ್ಲೂ ರಟ್ಟಿನ ಡಬ್ಬಿ ಕಟಗೊಂಡು ಬರತೀನಿ. ಬಿಚ್ಚಿದ್ರ ಅದ ಪಾತೇಲಿ, ಅದ ಕುಕ್ಕರ್. ಊರು ಮಾತ್ರ ಇರೂದಿಲ್ಲ."

ಇದಾದ ಮೇಲೆ ಹೋಗದೆ ಇರುವುದು ಹೇಗೆ?

ವಿಶಾಖಪಟ್ಟಣ: ತಪ್ಪು ದಿಕ್ಕಿನ ಸಮುದ್ರ

ನಮ್ಮ ಕಡೆಯವರಿಗೆ ಸಮುದ್ರವೆಂದರೆ ಕಾರವಾರ, ಗೋಕರ್ಣ. ಸಂಜೆ ಹೋಗಿ ದಂಡೆಯ ಮೇಲೆ ಕುಳಿತರೆ ಸೂರ್ಯ ತಾನಾಗಿ ನೀರಿಗಿಳಿಯುತ್ತಾನೆ. ನಾನೂ ಅದೇ ಲೆಕ್ಕದಲ್ಲಿ ಸಂಜೆ ಬೀಚಿಗೆ ಹೋಗಿ ಪೆಟ್ಟಿಗೆ ಬಿಚ್ಚಿ, ಕೇಸರಿ, ಹಳದಿ, ಕುಂಕುಮದ ಬಣ್ಣ ಎಲ್ಲವನ್ನೂ ಕಲಸಿಟ್ಟುಕೊಂಡು ಸಮುದ್ರಕ್ಕೆ ಮುಖ ಮಾಡಿ ಕುಳಿತೆ. ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತು. ಇನ್ನಷ್ಟು ಬೂದಿಯಾಯಿತು. ಸುಮಿತ್ರಾ ಶೇಂಗಾ ತಿನ್ನುತ್ತ ಸುಮ್ಮನೆ ನೋಡುತ್ತಿದ್ದಳು.

"ಸೂರ್ಯಾ ಎಲ್ಲಿ?" ಎಂದೆ.

"ನಿನ್ನ ಬೆನ್ನ ಹಿಂದ ಗುಡ್ಡದಾಗ ಮುಳುಗಿ ಭಾಳ ಹೊತ್ತಾತು. ಇಲ್ಲಿ ಅಂವ ಸಮುದ್ರದಾಗ ಹುಟ್ಟತಾನ, ಮುಳುಗೂದಿಲ್ಲ. ನಾನೂ ಹೊಸದಾಗಿ ಬಂದಾಗ ಹಿಂಗ ಕುಂತಿದ್ದೆ."

"ಮೊದಲ ಹೇಳಾಕೇನಾಗಿತ್ತು?"

"ನೀ ಎಷ್ಟು ಶ್ರದ್ಧಾದಿಂದ ಕುಂತಿದ್ದಿ. ಮನಸ್ಸಾಗಲಿಲ್ಲ."

ಕಲಸಿದ ಬಣ್ಣ ಹಾಳಾಗಬಾರದೆಂದು ಶೇಂಗಾ ಮಾರುವವನ ಗಾಡಿಯ ದೀಪವನ್ನು ಬರೆದೆ. ಅವನು ಚಿತ್ರ ನೋಡಿ ತೆಲುಗಿನಲ್ಲಿ ಕೇಳಿದ್ದು ಒಂದೇ ಮಾತು: ಊಟವಾಯಿತೇ? ಈ ಊರಿನವರಿಗೆ ಅಪರಿಚಿತರ ಹೆಸರು ಬೇಡ, ಊರು ಬೇಡ. ಹೊಟ್ಟೆಯ ಸಮಾಚಾರ ಮೊದಲು ಬೇಕು. ನಮ್ಮಲ್ಲಿ ಚಹಾ ಆಯಿತೇ ಎಂದು ಕೇಳಿ ಮುಗಿಸುವ ಕೆಲಸ ಇಲ್ಲಿ ಅನ್ನದ ಮಟ್ಟದಲ್ಲಿ ನಡೆಯುತ್ತದೆ.

ಕ್ವಾರ್ಟರ್ಸಿನ ಗಚ್ಚಿ

ನಾವು ಉಳಿದದ್ದು ಬಸವರಾಜ ಮತ್ತು ಗಿರಿಜಾ ಅವರ ಮನೆಯಲ್ಲಿ. ಗದಗಿನವರು. ಬಸವರಾಜ ನೌಕಾಪಡೆಯಲ್ಲಿದ್ದಾರೆ, ಸುಮಿತ್ರಾ ಈ ಊರಿಗೆ ಬಂದ ಹೊಸದರಲ್ಲಿ ರೊಟ್ಟಿ ಕೊಟ್ಟು ಸಾಕಿದ ದಂಪತಿ ಇವರೇ. ಮಗಳು ಕೀರ್ತಿ ಕಾಲೇಜಿಗೆ ಹೋಗುತ್ತಾಳೆ, ತಾಯಿಯ ಕನ್ನಡಕ್ಕೆ ತೆಲುಗಿನಲ್ಲಿ ಉತ್ತರ ಕೊಡುತ್ತಾಳೆ, ಬೈಸಿಕೊಂಡ ಮೇಲೆ ಅದನ್ನೇ ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಾಳೆ.

ಬೆಳಿಗ್ಗೆ ಮನೆಯ ಮೇಲಿನ ಗಚ್ಚಿಗೆ ಹೋದೆ. ಎದುರಿಗೇ, ದೂರದ ಒಂದು ಎತ್ತರದ ಕಂಬದ ಮೇಲೆ ಗರುಡ ಕುಳಿತಿತ್ತು. ಇಟ್ಟಿಗೆ ಬಣ್ಣದ ಮೈ, ಬೆಳ್ಳನೆಯ ತಲೆ ಎದೆ. ಬಟ್ಟೆ ಒಣಗಿಸಲು ಬಂದ ಗಿರಿಜಾ ಬಕೆಟ್ಟು ಕೆಳಗಿಟ್ಟು ಕೈ ಮುಗಿದರು. ನಾನು ಪೆನ್ಸಿಲ್ ತೆಗೆದೆ. ಗರುಡ ಅಲುಗಲಿಲ್ಲ. ತಲೆಯಾಯಿತು, ರೆಕ್ಕೆಯಾಯಿತು, ಬಾಲವಾಯಿತು, ಕಾಲು ಕೂಡ ಆಯಿತು. ಮೊದಲ ಬೆಳಿಗ್ಗೆಯೇ ಇಡೀ ಹಕ್ಕಿ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗುತ್ತ, ಕಂಬದ ಗೆರೆ ಎಳೆಯಲು ಶುರುಮಾಡುವಷ್ಟರಲ್ಲಿ ಬಸವರಾಜ ಮೇಲೆ ಬಂದರು. ಸ್ಕೆಚ್‌ಬುಕ್ ನೋಡಿದರು. ಕಂಬ ನೋಡಿದರು. ಕಂಬದ ಹಿಂದಿನ ಕ್ರೇನು, ಹಡಗುಗಳನ್ನು ನೋಡಿದರು. ಮುಖ ಸಣ್ಣದಾಯಿತು.

"ಅಕ್ಕಾರ, ಹಕ್ಕಿ ಬರೀರಿ. ಹಕ್ಕಿಗೆ ಯಾರೂ ಏನೂ ಅನ್ನೂದಿಲ್ಲ. ಆದ್ರ ಹಿಂದಿಂದೇನೂ ಬರೀಬ್ಯಾಡ್ರಿ."

"ಹಿಂದಿಂದ ಬಿಡ್ರಿ. ಅದು ಕುಂತಿದ್ದ ಕಂಬಾ?"

"ಅದು... ಬರೇ ಕಂಬಾ ಅಲ್ರಿ."

"ಕ್ಯಾಮರಾ ಬ್ಯಾಡ ಅಂತ ಬೋರ್ಡ್ ನೋಡೀನಿ. ಪೆನ್ಸಿಲ್ ಬ್ಯಾಡ ಅಂತ ಎಲ್ಲಿ ಐತ್ರಿ?"

"ಪೆನ್ಸಿಲ್ ಬಗ್ಗೆ ಏನೂ ಬರದಿಲ್ಲರಿ. ಬರದಿಲ್ಲ ಅಂದ್ರ ಕೇಳ್ಬೇಕಾಕ್ಕೈತಿ. ಕೇಳಿದ್ರ ಬ್ಯಾಡ ಅಂತಾರ. ಅದಕ್ಕ ನಾ ಕೇಳೂದಿಲ್ಲ, ನೀವು ಬರೀಬ್ಯಾಡ್ರಿ."

ಸರ್ಕಾರಿ ನೌಕರಿ ಮಾಡಿದ ನನಗೆ ಇದಕ್ಕಿಂತ ಸ್ಪಷ್ಟವಾಗಿ ಹೇಳಬೇಕಾಗಿರಲಿಲ್ಲ. ಕಂಬ ಬಿಟ್ಟೆ. ಕಂಬ ಕಣ್ಣೆದುರೇ ಇದ್ದರೂ ಅದನ್ನು ಬಿಟ್ಟದ್ದು ನನ್ನ ನಿಯಮದ ಪ್ರಕಾರವೂ ವಿಚಿತ್ರವೇ. ಸುಮಿತ್ರಾ ಚಹಾ ತಂದು, ಚಿತ್ರವನ್ನು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗಿಸಿ ನೋಡಿದಳು. "ಇದು ಕುಂತೈತೋ, ಹಾರಾಕತ್ತೈತೋ?"

"ಕುಂತೈತಿ."

"ಯಾತರ ಮ್ಯಾಲೆ?"

"ದೇಶದ ಭದ್ರತಾ ಮ್ಯಾಲೆ."

ಬಸವರಾಜ ಮೊದಲ ಸಲ ನಕ್ಕರು. ಸುಮಿತ್ರಾ ಮಾತ್ರ ಪುಸ್ತಕ ವಾಪಸು ಕೊಟ್ಟು, ಇದು ಲೆಕ್ಕಕ್ಕಿಲ್ಲ ಎಂದಳು.

ಕೆಂಪು ಮರಳಿನ ದಿಬ್ಬಗಳು

ಊರಿನಾಚೆ ಭೀಮಿಲಿಯ ದಾರಿಯಲ್ಲಿ ಎರ್ರಮಟ್ಟಿ ದಿಬ್ಬಲು ಎಂಬ ಜಾಗವಿದೆ. ಕೆಂಪು ಮರಳಿನ ದಿಬ್ಬಗಳು, ನಡುವೆ ಮಳೆನೀರು ಕೊರೆದ ಕೊರಕಲು, ತುದಿಯಲ್ಲಿ ನೀಲಿ ಸಮುದ್ರ. ನಮ್ಮ ಕೆಂಪು ಮಣ್ಣನ್ನು ನೋಡಿದ್ದೇನೆ. ಅದು ಹೊಲದಲ್ಲಿ ಮಲಗಿರುತ್ತದೆ. ಇಲ್ಲಿ ಅದು ಗೋಡೆಯಾಗಿ ಎದ್ದು ನಿಂತಿದೆ. ನೋಡಿ ಎಷ್ಟು ಖುಷಿಯಾಯಿತೆಂದರೆ ಒಂದೇ ಉಸಿರಿಗೆ ಎರಡು ಹಾಳೆ ತುಂಬಿಸಿದೆ.

ಇಲ್ಲಿ ಒಂದು ಎಡವಟ್ಟಾಯಿತು. ಧಾರವಾಡದ ಗಾಳಿಗೆ ಬಣ್ಣ ಹಚ್ಚಿ ಬ್ರಷ್ಷು ಎತ್ತುವಷ್ಟರಲ್ಲಿ ಹಾಳೆ ಒಣಗಿರುತ್ತದೆ. ಆ ಅಭ್ಯಾಸದಲ್ಲಿ ಪುಸ್ತಕ ಮುಚ್ಚಿದೆ. ಸಮುದ್ರದ ತೇವಕ್ಕೆ ಯಾವುದೂ ಒಣಗಿರಲಿಲ್ಲ. ತೆಗೆದು ನೋಡಿದರೆ ದಿಬ್ಬದ ಮೇಲೆ ಬಂಗಾಳ ಕೊಲ್ಲಿ, ಕೊಲ್ಲಿಯೊಳಗೆ ದಿಬ್ಬ. ಬೇಜಾರಾಗಬೇಕಿತ್ತು; ಆದರೆ ಬೆರೆತುಹೋದ ಆ ಬಣ್ಣ ನಾನು ಬೇಕೆಂದು ಹಚ್ಚಿದ್ದಕ್ಕಿಂತ ಚೆನ್ನಾಗಿತ್ತು.

ಹಿಂತಿರುಗುವಾಗ ಒಂದು ಗಿಡದ ಒಣಗಿದ ಟೊಂಗೆಯ ಮೇಲೆ ಕಳ್ಳಿಪೀರ ಕಂಡಿತು. ಹಸಿರು ಮೈಯ, ಜೇನುಹುಳ ಹಿಡಿದು ತಿನ್ನುವ ಪುಟ್ಟ ಹಕ್ಕಿ. ಕೂತಲ್ಲೇ ಕೂತು ಬರೆಯತೊಡಗಿದೆ. ವಾಕಿಂಗಿಗೆ ಬಂದಿದ್ದ ಹಿರಿಯರೊಬ್ಬರು ನಿಂತರು. ಅವರ ಹೆಂಡತಿ ನಿಂತರು. ಇನ್ನೊಂದು ಸಂಸಾರ ನಿಂತಿತು. ಹಿರಿಯರು ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿ, ಕೊನೆಗೆ ಹಕ್ಕಿಯ ಕಡೆ ತಿರುಗಿ ಮೆಲ್ಲಗೆ "ಕದಲಕಂಡಿ" ಎಂದರು.

"ಅಲುಗಾಡಬ್ಯಾಡ್ರಿ ಅಂತ ಹಕ್ಕಿಗೆ ಹೇಳಾಕತ್ತಾರ," ಎಂದು ಸುಮಿತ್ರಾ ಕಿವಿಯಲ್ಲಿ ಉಸುರಿದಳು. "ಬಹುವಚನದಾಗ."

ಅಷ್ಟು ಮರ್ಯಾದೆ ಕೊಟ್ಟರೂ ಅದು ಹಾರಿಹೋಯಿತು. ತಲೆ, ಕೊಕ್ಕು, ಬೆನ್ನು ಸಿಕ್ಕಿತ್ತು. ಹಿರಿಯರು ತಮ್ಮಿಂದಲೇ ಹೀಗಾಯಿತೆಂದು ನೊಂದುಕೊಂಡು ನಮಗೆ ಎಳನೀರು ಕುಡಿಸಿದರು.

"ಬಾಲದ ನಡುವ ಸೂಜಿ ಹಂಗ ಗರಿ ಇತ್ತು, ನೋಡಿದೇನು?" ದಾರಿಯಲ್ಲಿ ಸುಮಿತ್ರಾ ಕೇಳಿದಳು.

"ನೋಡಲಿಲ್ಲ. ಹಸಿರು ಕಲಸಾಕತ್ತಿದ್ದೆ."

ಸಿಂಹಾಚಲಂ

ಬೆಟ್ಟದ ಮೇಲಿನ ನರಸಿಂಹ ವರ್ಷವಿಡೀ ಗಂಧದ ಲೇಪದಲ್ಲೇ ಇರುತ್ತಾನೆ. ನಿಜರೂಪ ಕಾಣುವುದು ವರ್ಷಕ್ಕೊಂದೇ ದಿನ. ನಾವು ಹೋದದ್ದು ಉಳಿದ ದಿನಗಳಲ್ಲೊಂದು. ಸರತಿಯಲ್ಲಿ ನಿಂತು, ತಳ್ಳಿಸಿಕೊಂಡು ಒಳಗೆ ಹೋದರೆ, ಕಂಡದ್ದು ಗಂಧದ ಒಂದು ಗುಂಡನೆಯ ರಾಶಿ. ಮುಖವಿಲ್ಲ, ಕೈಯಿಲ್ಲ. ಆದರೆ ನನ್ನ ಮುಂದಿದ್ದ ಅಜ್ಜಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಕೆಗೆ ಎಲ್ಲವೂ ಕಾಣುತ್ತಿತ್ತು.

ಹೊರಗೆ ಬಂದು ಇದನ್ನೇ ನನ್ನ ಅರ್ಧ ಹಕ್ಕಿಗಳ ಪರವಾಗಿ ವಾದ ಮಾಡಲು ನೋಡಿದೆ. ಸುಮಿತ್ರಾ ಪ್ರಸಾದದ ಹುಳಿಯನ್ನ ಪುಳಿಹೋರದ ಪೊಟ್ಟಣ ಬಿಚ್ಚುತ್ತ, "ಅಂವ ದೇವರು. ನಿಂದು ಬರೇ ಹಕ್ಕಿ," ಎಂದು ವಾದ ಮುಗಿಸಿದಳು.

ಅಲ್ಲೇ ಕಟ್ಟೆಯ ಮೇಲೆ ಬಣ್ಣದ ಪೆಟ್ಟಿಗೆ ಇಟ್ಟಿದ್ದೆ. ಒಂದು ಮಂಗ ಬಂದು, ನಮ್ಮ ಪುಳಿಹೋರವನ್ನು ಕಣ್ಣೆತ್ತಿಯೂ ನೋಡದೆ, ಹಳದಿ ಬಣ್ಣದ ಬಿಲ್ಲೆ ಎತ್ತಿಕೊಂಡು ಗೋಡೆಯೇರಿತು. ನೆಕ್ಕಿತು. ಮುಖ ಕಿವಿಚಿತು. ಬಿಲ್ಲೆ ನಮ್ಮತ್ತ ಎಸೆದು, ಅರಿಶಿಣದ ತುಟಿಯಲ್ಲಿ ನಮ್ಮನ್ನೇ ದುರುಗುಟ್ಟಿಕೊಂಡು ಬಹಳ ಹೊತ್ತು ಕುಳಿತಿತ್ತು. ಅಲುಗಲೇ ಇಲ್ಲ. ಬಾಲದ ತುದಿಯವರೆಗೆ ಬರೆದು ಮುಗಿಸಿದೆ.

"ತಗೋ, ಇಡೀದು," ಎಂದೆ.

"ಹಾಲ್‌ನಾಗ ಮಂಗ್ಯಾನ ಫೋಟೊ ಹಾಕ್ಲೇನು? ಬಂದವರು ನಮ್ಮ ಮನಿತನದವ್ರಂತ ತಿಳಕೋತಾರ."

ವಿಜಯವಾಡ

ರೈಲಿಳಿದು ವಿಜಯವಾಡಕ್ಕೆ ಕಾಲಿಟ್ಟರೆ ಮೊದಲು ಸಿಗುವುದು ಬಿಸಿಲು, ಆಮೇಲೆ ಹಾರ್ನು. ಬೆಂಜ್ ಸರ್ಕಲ್‌ನಲ್ಲಿ ನಮ್ಮ ಆಟೋ ಎಷ್ಟು ಹೊತ್ತು ನಿಂತಿತೆಂದರೆ ಎದುರಿನ ಶೋರೂಮು, ಫ್ಲೈಓವರು, ಅದರ ಕೆಳಗಿನ ಪಾರಿವಾಳಗಳನ್ನು ಬರೆಯಲು ಶುರುಮಾಡಿದೆ. ಸಿಗ್ನಲ್ಲು ಬಿಟ್ಟಿತು. ಅದೂ ಅರ್ಧ.

ಮಧ್ಯಾಹ್ನದ ಊಟಕ್ಕೆ ಸುಮಿತ್ರಾ ಗೋಂಗೂರ ಪಚ್ಚಡಿ, ಅಂದರೆ ಪುಂಡಿಪಲ್ಲೆಯ ಚಟ್ನಿ, ಬಡಿಸಿದಳು. ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದ ನಾವು ಖಾರದ ವಿಷಯದಲ್ಲಿ ಕೊಂಚ ಜಂಬದವರು. ಎರಡನೇ ತುತ್ತಿಗೆ ಜಂಬ ಇಳಿಯಿತು. ನಮ್ಮ ಮೆಣಸಿನಕಾಯಿ ಬಣ್ಣಕ್ಕೆ, ಇವರದು ಕಣ್ಣೀರಿಗೆ.

ಅವಳ ಫ್ಲ್ಯಾಟು ಕಾಲುವೆಯ ದಂಡೆಗಿದೆ. ಬ್ಯಾರೇಜಿನಿಂದ ಹೊರಟ ಕೃಷ್ಣೆ ಇಲ್ಲಿ ಕಾಲುವೆಯಾಗಿ, ಹಸಿರು ಅಂತರಗಂಗೆಯ ಕಳೆ ಹೊತ್ತುಕೊಂಡು, ಅವಸರವಿಲ್ಲದೆ ಹೋಗುತ್ತಾಳೆ. ಹುಬ್ಬಳ್ಳಿ ಧಾರವಾಡದ ನಲ್ಲಿಗಳಿಗೆ ಬಂದು ಮಿಕ್ಕ ಮಲಪ್ರಭೆಯೂ ಇದರೊಳಗೆಲ್ಲೋ ಇರಬೇಕು. ಮನೆಯೊಳಗೆ ಕಾಲಿಡಲು ಜಾಗವಿರಲಿಲ್ಲ, ಎಲ್ಲೆಲ್ಲೂ ರಟ್ಟಿನ ಡಬ್ಬಿ. ಬಾಲ್ಕನಿಯಲ್ಲಿ ಮಾತ್ರ ಒಂದು ಕುರ್ಚಿ ಉಳಿದಿತ್ತು.

"ಇದನ್ನ ಕಡೀಕೆ ಕಟ್ಟತೀನಿ," ಎಂದಳು. "ದಿನಾ ಮುಂಜಾನೆ ಇಲ್ಲಿ ಕುಂತು ಚಹಾ ಕುಡೀತೀನಿ. ಅಲ್ಲಿ ಕಾಲುವಿ ದಂಡಿಗೆ ಕಬ್ಬಣದ ಕಟಾಂಜನ ಐತಲ್ಲ, ಸೊಟ್ಟಾಗೈತಿ ನೋಡು, ಅದರ ಮ್ಯಾಲೆ ಮ್ಯಾನೇಜರ್ ಗಾರು ಬರತಾರ."

ಮ್ಯಾನೇಜರ್ ಗಾರು, ಅಂದರೆ ಮ್ಯಾನೇಜರ್ ಸಾಹೇಬರು, ಒಂದು ಕೊಳದ ಬಕ. ಕುತ್ತಿಗೆಯನ್ನು ಹೆಗಲೊಳಗೆ ಹುದುಗಿಸಿ, ಯಾರ ಮೇಲೋ ಮುನಿಸಿಕೊಂಡಂತೆ ನಿಲ್ಲುತ್ತದೆಂದು ಅವಳೇ ಇಟ್ಟ ಹೆಸರು.

"ಈ ಊರಿಗೆ ಬಂದ ಮೊದಲನೇ ವಾರ ದಿನಾ ಅಳತಿದ್ದೆ ಅಕ್ಕಾ. ವೈಜಾಗ್ ಬಿಟ್ಟು ಬಂದಿದ್ದೆ, ಯಾರೂ ಗೊತ್ತಿರಲಿಲ್ಲ. ಮುಂಜಾನೆ ಎದ್ದು ನೋಡಿದ್ರ ಇದು ನಿಂತಿರತಿತ್ತು. ಆಮ್ಯಾಲೆ ಆಜೂಬಾಜೂ ಮಂದಿ ಗುರ್ತಾದ್ರು, ಪಪ್ಪು ಅಂತ ತಮ್ಮ ಬ್ಯಾಳಿ ಕೊಟ್ರು, ಹಬ್ಬಕ್ಕ ಕರದ್ರು. ಆದ್ರ ಮೊದಲ ಗುರ್ತಿನವರು ಇವರ. ಈಗ ಮನಿ ಕಡೆ ಹೊಂಟೀನಿ, ಖುಷಿ ಆಗಬೇಕು. ಆಗೇತಿ. ಆದ್ರೂ ಹೋಗಬಾರದು ಅನ್ನಸ್ತೈತಿ."

ಅಲ್ಲಿಯವರೆಗೆ ಯಾವ ಹಕ್ಕಿಯಾದರೂ ಆದೀತು ಎಂದುಕೊಂಡಿದ್ದೆ. ಅವಳಿಗೆ ಬೇಕಾದದ್ದು ಇದು ಎಂದು ಆಗ ತಿಳಿಯಿತು. ನನಗೆ ಅಳು ಬಂದಂತಾಯಿತು, ಗೋಂಗೂರದ ಮೇಲೆ ಹಾಕಿದೆ.

ಕೊನೆಯ ಬೆಳಿಗ್ಗೆ

ಸಾಮಾನಿನ ಲಾರಿ ಬರುವ ದಿನ ಬೆಳಕು ಹರಿಯುವ ಮೊದಲೇ ಬಾಲ್ಕನಿಯಲ್ಲಿ ಕುಳಿತೆ. ನೀರು, ಬ್ರಷ್ಷು, ಒದ್ದೆ ಮಾಡಿದ ಹಾಳೆ, ಎಲ್ಲ ಸಿದ್ಧ. ಸುಮಿತ್ರಾ ಪಕ್ಕದ ಡಬ್ಬಿಯ ಮೇಲೆ ಕುಳಿತಳು. ಬಕ ಬಂತು. ಸೊಟ್ಟ ಕಟಾಂಜನದ ಮೇಲೆ ಇಳಿದು, ಕುತ್ತಿಗೆ ಒಳಗೆಳೆದುಕೊಂಡು, ಮುನಿಸಿಕೊಂಡಿತು.

ಇಂಥ ಮಾದರಿ ನನಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೊಕ್ಕು, ಹಳದಿ ಕಣ್ಣು, ಎದೆಯ ಕಂದು ಗೆರೆಗಳು, ಮಣ್ಣಿನ ಬಣ್ಣದ ಬೆನ್ನು. ಅವಸರ ಮಾಡಲಿಲ್ಲ. ಹೊಟ್ಟೆಯವರೆಗೆ ಬಂದಿದ್ದೆ. ಆಗ ಕೆಳಗಿನ ಗಲ್ಲಿಯಲ್ಲಿ ಲಾರಿ ಹಿಂದಕ್ಕೆ ಬರತೊಡಗಿತು. ಹಿಂದೆ ಬರುವಾಗ ಹಾಡು ಹೇಳುವ ಲಾರಿ. ಬಕ ಕುತ್ತಿಗೆ ಚಾಚಿತು, ಒಳಗೆ ಮಡಚಿಟ್ಟಿದ್ದ ಬಿಳಿ ರೆಕ್ಕೆ ಬಿಚ್ಚಿತು. ಕಂದು ಹಕ್ಕಿ ಒಮ್ಮೆಲೇ ಬೆಳ್ಳಗಾಗಿ ಕಾಲುವೆಯ ಆಚೆ ಹೋಯಿತು.

ಬ್ರಷ್ಷು ಕೆಳಗಿಟ್ಟೆ. ಕಾಲಿರಲಿಲ್ಲ, ಬಾಲವಿರಲಿಲ್ಲ, ನಿಲ್ಲಲು ಕಟಾಂಜನವೂ ಇರಲಿಲ್ಲ.

ಸುಮಿತ್ರಾ ಬಗ್ಗಿ ಹಾಳೆ ನೋಡಿದಳು. "ಪರವಾಲೇದು," ಎಂದಳು. ತೆಲುಗಿನವರು ಇರಲಿ ಬಿಡಿ ಎನ್ನಲು ಹೇಳುವ ಮಾತು. ಜಗಳವಾಡಿದ್ದರೆ ಚೆನ್ನಾಗಿತ್ತು. "ನಾಳೆ ನಾವು ಇಲ್ಲಿರೂದಿಲ್ಲ. ಇಷ್ಟಾದ್ರೂ ಸಿಕ್ತಲ್ಲ."

ನನ್ನ ಹಟವನ್ನು ಕಾಲುವೆಗೆ ಎಸೆದು ನಾಲ್ಕು ಗೆರೆ ಎಳೆದುಬಿಡೋಣ ಅನ್ನಿಸಿತು. ಕೊಳದ ಬಕದ ಕಾಲು ಹೇಗಿರುತ್ತದೆಂದು ನನಗೆ ಗೊತ್ತು. ಆದರೆ ಅದು ಮತ್ತೆ ಕಪ್ಪು ಹಲಗೆಯ ಗಿಳಿಯೇ ಆಗುತ್ತಿತ್ತು, ಅವಳ ಮ್ಯಾನೇಜರ್ ಆಗುತ್ತಿರಲಿಲ್ಲ. ಸಮಾಧಾನಕ್ಕೆಂದು ಸುಮ್ಮನೆ ಕೇಳಿದೆ: "ಅದರ ಕಾಲು ಹೆಂಗಿದ್ದುವು?"

"ಎಡಗಾಲು ಒಂದೀಟು ಮುಂದ ಇಡತೈತಿ," ಎಂದಳು. "ಆ ಸೊಟ್ಟಾದಲ್ಲೆ ಕಬ್ಬಣ ಇಳಜಾರು ಐತಲ್ಲ, ಜಾರತೈತಿ, ಅದಕ್ಕ. ಬೆರಳು ಕಬ್ಬಣಕ್ಕ ಸುತ್ತಿ ಹಿಡೀತೈತಿ. ಹಸರಲ್ಲ, ಹಳದಿ ಅಲ್ಲ, ಎರಡರ ನಡುವಿನ ಬಣ್ಣ, ಹಳೇ ಲಿಂಬಿಕಾಯಿದು. ಬಾಲ ಅಂತ ಏನೂ ಕಾಣೂದಿಲ್ಲ, ಮುಚಗೊಂಡಿರತೈತಿ. ಹೊಟ್ಟಿ ಕೆಳಗ ಬಿಳಿ ಗರಿ ಗಾಳಿಗೆ ಹಾರತಿರತಾವ. ಲಾರಿ ಬಂದಾಗ ಮೊದಲ ಬಲಗಾಲು ಎತ್ತಿತು..."

ಅವಳು ಹೇಳುತ್ತಲೇ ಇದ್ದಳು. ನಾನು ಬ್ರಷ್ಷನ್ನು ಅವಳ ಕೈಗೆ ಕೊಟ್ಟೆ.

"ನನಗ ಬರೂದಿಲ್ಲ. ಕೆಡಸ್ತೀನಿ ಅಕ್ಕಾ."

"ಕೆಡಸು. ನಾ ನೋಡಿದ್ದು ಇಲ್ಲಿಗೆ ಮುಗೀತು. ನೀ ನೋಡಿದ್ದು ಇನ್ನೂ ಐತಿ."

ಲಾರಿಯವರು ಡಬ್ಬಿ ಹೊರಲು ಮೇಲೆ ಬಂದರು. ಬ್ಯಾಂಕಿನ ಕಾಗದಕ್ಕೆ ಸಹಿ ಮಾಡುವ ಹಾಗೆ ಮೂಗಿನ ತುದಿಯಲ್ಲಿ ಬೆವರು ತಂದುಕೊಂಡು ಸುಮಿತ್ರಾ ಕಾಲು ಬರೆಯುತ್ತಿದ್ದಳು. ಊದಿನಕಡ್ಡಿಯಂಥ ಎರಡು ಕಾಲು, ಒಂದು ಮುಂದೆ. ಶೇಂಗಾಕಾಯಿಯಂಥ ಬೆರಳುಗಳು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿದ್ದವು. ಸೊಟ್ಟ ಕಟಾಂಜನ ಇನ್ನಷ್ಟು ಸೊಟ್ಟಗಾಗಿ ಬಂತು. ಡಬ್ಬಿ ಹೊತ್ತ ಒಬ್ಬರು ಬಗ್ಗಿ ನೋಡಿ, ಇದು ಈ ಕಾಲುವೆಯ ಕೊಂಗ ಅಲ್ಲವೇ ಎಂದು ತೆಲುಗಿನಲ್ಲಿ ಕೇಳಿದರು. ಕೊಂಗ ಎಂದರೆ ಬಕ.

ನನ್ನ ತಂಗಿಯ ಮುಖ ಆಗ ನೋಡಬೇಕಿತ್ತು.

ಹುಬ್ಬಳ್ಳಿಯ ರೈಲು

ಸಂಜೆಯ ರೈಲಿನಲ್ಲಿ ಹೊರಟೆವು. ಕಿಟಕಿಯ ಹೊರಗೆ ಕೃಷ್ಣೆ ಹೋದಳು, ಗದ್ದೆಗಳು ಹೋದವು. ಒಣಗಿದ ಹಾಳೆಯನ್ನು ಮಡಿಲಲ್ಲಿಟ್ಟುಕೊಂಡು ಸುಮಿತ್ರಾ ಅಳುತ್ತಾಳೇನೋ ಎಂದು ಕಾದೆ. ಅವಳು ನನ್ನ ಸ್ಕೆಚ್‌ಬುಕ್ ಕೇಳಿ ತೆಗೆದುಕೊಂಡು, ಪೆನ್ಸಿಲ್ಲನ್ನೂ ಕೇಳಿದಳು. ನಾನು ಕಣ್ಣು ಮುಚ್ಚಿದೆ.

ಎದ್ದು ನೋಡಿದಾಗ ನನ್ನ ಪುಸ್ತಕದ ಗರುಡ ಒಂದು ತೆಂಗಿನ ಮರದ ಮೇಲೆ ಕುಳಿತಿತ್ತು.

"ಕಂಬಾ ಇತ್ತು ಅಲ್ಲಿ," ಎಂದೆ.

"ಬಸವರಾಜಣ್ಣ ನಿದ್ದಿ ಮಾಡ್ಲಿ ಪಾಪ. ತೆಂಗಿನ ಗಿಡಾ ಬಾಜೂಕ ಇತ್ತು. ನೀ ನೋಡಿಲ್ಲ."

ಮುಂದೊಂದು ಹಾಳೆಯಲ್ಲಿ ಎರ್ರಮಟ್ಟಿ ದಿಬ್ಬದ ಕಳ್ಳಿಪೀರಕ್ಕೆ ಬಾಲ ಬಂದಿತ್ತು. ಗರಿ ಸೂಜಿಯ ಹಾಗಿರಲಿಲ್ಲ, ದಬ್ಬಣದ ಹಾಗಿತ್ತು. ನಾನು ಕನ್ನಡಕ ಹಾಕಿಕೊಂಡು ಇನ್ನೂ ಹಿಂದಿನ ಹಾಳೆ ತಿರುವಿದೆ. ಕೆಲಗೇರಿ ಕೆರೆಯ ಮಿಂಚುಳ್ಳಿಗೆ ಅವಳು ಕೈ ಹಚ್ಚಿರಲಿಲ್ಲ. ಕೊಕ್ಕು, ಒಂದು ಕಣ್ಣು, ಅಷ್ಟೇ.

"ಇದನ್ಯಾಕ ಬಿಟ್ಟಿ?"

"ಇದನ್ನ ನಾ ನೋಡಿಲ್ಲಲ್ಲ," ಎಂದಳು. "ಊರಿಗೆ ಹೋದಮ್ಯಾಲೆ ಕರಕೊಂಡು ಹೋಗು. ನೀ ಬರಿ, ನಾ ನೋಡತೀನಿ."